ಸೀಟ್ ಬೆಲ್ಟ್ ಬಕಲ್ ಕೈಕೊಟ್ಟರೆ ಎಣ್ಣೆ ಬಿಡಬಹುದೇ? ಹಳೆ ಕಾರು ಇಟ್ಟುಕೊಂಡವರು ತಿಳಿಯಬೇಕಾದ್ದು

"ಸೀಟ್ ಬೆಲ್ಟ್ ಲಾಕ್ ಬೀಳುತ್ತಿಲ್ಲವೇ? ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ, ಹೇರ್‌ಪಿನ್ ಹಾಕಿ ನಾಲ್ಕು ಸಲ ಆಡಿಸಿ. ಮೆಕ್ಯಾನಿಕ್‌ಗೆ ಕೊಡುವ ದುಡ್ಡು ಉಳಿಸಿ. ಎಲ್ಲರಿಗೂ ಶೇರ್ ಮಾಡಿ." ಹೀಗೆ ಹೇಳುವ ಸಣ್ಣ ವಿಡಿಯೊ ಒಂದು ನಮ್ಮ ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಬಂತು. ಕಳಿಸಿದವರು ಬೇರೆ ಯಾರೂ ಅಲ್ಲ, ನಮ್ಮ ಅಪ್ಪ. ಅವರು ಕಳಿಸಿದ್ದಕ್ಕೆ ಕಾರಣವೂ ಇತ್ತು. ನಮ್ಮ ಮನೆಯ ಸಣ್ಣ ಕಾರಿಗೆ ಇಪ್ಪತ್ತು ವರ್ಷ ದಾಟಿದೆ. ಮುಂದಿನ ಎಡ ಸೀಟಿನ, ಅಂದರೆ ಅಮ್ಮ ಕೂರುವ ಸೀಟಿನ ಬಕಲ್ ಕೆಲವು ತಿಂಗಳಿಂದ ಕಾಟ ಕೊಡುತ್ತಿತ್ತು. ಒಮ್ಮೆ 'ಟಕ್' ಎಂದು ಕೂರುತ್ತಿತ್ತು, ಇನ್ನೊಮ್ಮೆ ಕೂತಂತೆ ಮಾಡಿ ಹತ್ತು ನಿಮಿಷದ ನಂತರ ತಾನೇ ಬಿಚ್ಚಿಕೊಳ್ಳುತ್ತಿತ್ತು.

ಅಮ್ಮ ಇದಕ್ಕೆ ತಮ್ಮದೇ ಪರಿಹಾರ ಕಂಡುಕೊಂಡಿದ್ದರು. ಟೋಲ್ ಗೇಟೋ ಪೊಲೀಸರೋ ಕಂಡರೆ ಬೆಲ್ಟನ್ನು ಎದೆಯ ಮೇಲೆ ಎಳೆದು, ಅದರ ತುದಿಯನ್ನು ಸೊಂಟದ ಬಳಿ ಕೈಯಲ್ಲಿ ಹಿಡಿದುಕೊಳ್ಳುವುದು. ದಾಟಿದ ಮೇಲೆ ಬಿಡುವುದು. ನಗಬೇಡಿ, ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಹೀಗೆ ಮಾಡಿರುತ್ತಾರೆ. ಬೆಲ್ಟ್ ಹಾಕದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಸೆಕ್ಷನ್ ಪ್ರಕಾರ 1,000 ರೂಪಾಯಿ ದಂಡ. ದಂಡ ತಪ್ಪಿಸಿಕೊಳ್ಳಲು ಈ ಉಪಾಯ ಸಾಕು. ಆದರೆ ಎದುರಿನಿಂದ ಬಂದ ಲಾರಿ ಬೆಲ್ಟ್ ಎದೆಯ ಮೇಲಿದೆಯೋ ಬಕಲಿನಲ್ಲಿದೆಯೋ ಎಂದು ನೋಡುವುದಿಲ್ಲ.

ಆ ವಿಡಿಯೊ ಹೇಳಿದ್ದು ಸರಿಯೇ, ಬಕಲನ್ನು ಮನೆಯಲ್ಲಿ ಎಷ್ಟರಮಟ್ಟಿಗೆ ಸರಿಪಡಿಸಬಹುದು, ಎಲ್ಲಿಗೆ ಕೈ ಬಿಡಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಬಕಲಿನ ಒಳಗೆ ಏನಿದೆ?

ಹೊರಗಿನಿಂದ ನೋಡಿದರೆ ಬಕಲ್ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ, ಅದರ ಮೇಲೊಂದು ಕೆಂಪು ಗುಂಡಿ. ನಿಜವಾದ ಕೆಲಸ ಮಾಡುವುದು ಒಳಗಿರುವ ಉಕ್ಕಿನ ಚೌಕಟ್ಟು. ಬೆಲ್ಟಿನ ತುದಿಯ ಲೋಹದ ತಗಡಿಗೆ ನಾಲಗೆ ಎನ್ನೋಣ. ಅದರ ಮಧ್ಯದಲ್ಲಿ ಒಂದು ಕಿಂಡಿ ಇರುತ್ತದೆ. ನಾಲಗೆಯನ್ನು ಒಳಗೆ ತಳ್ಳಿದಾಗ ಅದು ಸ್ಪ್ರಿಂಗ್ ಇರುವ ಒಂದು ಸಣ್ಣ ತುಂಡನ್ನು ಹಿಂದಕ್ಕೆ ಒತ್ತುತ್ತದೆ. ಕೊನೆ ಮುಟ್ಟಿದಾಗ ಉಕ್ಕಿನ ಕೊಂಡಿಯೊಂದು ನಾಲಗೆಯ ಕಿಂಡಿಯೊಳಗೆ ಬೀಳುತ್ತದೆ. ಕೊಂಡಿ ಮತ್ತೆ ಏಳದಂತೆ ಇನ್ನೊಂದು ಭಾಗ ಬಂದು ಅಡ್ಡ ನಿಲ್ಲುತ್ತದೆ. ನಮಗೆ ಕೇಳುವ 'ಟಕ್' ಇದರ ಸದ್ದು. ಕೆಂಪು ಗುಂಡಿ ಒತ್ತಿದಾಗ ಅಡ್ಡ ನಿಂತದ್ದು ಸರಿಯುತ್ತದೆ, ಕೊಂಡಿ ಏಳುತ್ತದೆ, ಮೊದಲು ಹಿಂದಕ್ಕೆ ಒತ್ತಿಸಿಕೊಂಡಿದ್ದ ಸ್ಪ್ರಿಂಗ್ ನಾಲಗೆಯನ್ನು ಹೊರಕ್ಕೆ ಚಿಮ್ಮಿಸುತ್ತದೆ.

ಈ ಚಿಮ್ಮಿಸುವ ಸ್ಪ್ರಿಂಗ್ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಬೆಲ್ಟ್ ಬಿಚ್ಚಲು ಅನುಕೂಲವಾಗಲಿ ಎಂದು ಅದನ್ನು ಇಟ್ಟಿದ್ದಾರೆ ಎಂದು ನಾವೂ ಅಂದುಕೊಂಡಿದ್ದೆವು. ಅದಕ್ಕಿಂತ ದೊಡ್ಡ ಕೆಲಸ ಅದಕ್ಕಿದೆ. ಕೊಂಡಿ ಪೂರ್ತಿ ಬೀಳದೆ ಇದ್ದರೆ ನಾಲಗೆ ಒಳಗೆ ನಿಲ್ಲಲೇಬಾರದು, ತಕ್ಷಣ ಹೊರಗೆ ಬರಬೇಕು. ಆಗ ಕೂತವರಿಗೆ ಬೆಲ್ಟ್ ಬಿದ್ದಿಲ್ಲ ಎಂದು ಗೊತ್ತಾಗುತ್ತದೆ. ಧೂಳು, ಅಂಟು, ಸವಕಲಿನಿಂದ ಈ ಸ್ಪ್ರಿಂಗ್ ಸೋತಾಗ ನಾಲಗೆ ಬರಿಯ ತಿಕ್ಕಾಟದ ಬಲದಲ್ಲಿ ಒಳಗೆ ಕೂತಿರುತ್ತದೆ. ನೋಡಲು ಬೆಲ್ಟ್ ಹಾಕಿದಂತೆಯೇ ಇರುತ್ತದೆ. ಅಮ್ಮನ ಬಕಲ್ ಹತ್ತು ನಿಮಿಷದ ನಂತರ ಬಿಚ್ಚಿಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ. ಬೀಳದೇ ಇರುವ ಬಕಲಿಗಿಂತ ಬಿದ್ದಂತೆ ನಟಿಸುವ ಬಕಲ್ ಹೆಚ್ಚು ಅಪಾಯಕಾರಿ. ಬೀಳದೇ ಇದ್ದರೆ ನೀವು ಏನಾದರೂ ಮಾಡುತ್ತೀರಿ. ಬಿದ್ದಿದೆ ಎಂದುಕೊಂಡರೆ ಏನನ್ನೂ ಮಾಡುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಆ ಗುಂಡಿ ಎಲ್ಲ ಕಾರಿನಲ್ಲೂ ಕೆಂಪಾಗಿಯೇ ಏಕೆ ಇರುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ? ಸೀಟ್ ಬೆಲ್ಟ್‌ಗಳಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ 16ನೇ ನಿಯಮಾವಳಿಯ ಪ್ರಕಾರ, ಬಿಚ್ಚಲು ಒತ್ತುವ ಜಾಗ ಕೆಂಪು ಬಣ್ಣದಲ್ಲಿರಬೇಕು, ಬಕಲಿನ ಬೇರೆ ಯಾವ ಭಾಗಕ್ಕೂ ಆ ಬಣ್ಣ ಇರಬಾರದು. ಅಪಘಾತವಾದಾಗ ಕಾರಿನ ಪರಿಚಯವೇ ಇಲ್ಲದವರು ಓಡಿ ಬಂದು ಬಿಡಿಸಬೇಕಾಗಬಹುದಲ್ಲ. ಅದೇ ನಿಯಮಾವಳಿ ಪ್ರಕಾರ, ಡಿಕ್ಕಿ ಪರೀಕ್ಷೆಗೆ ಮುನ್ನ ಬಕಲನ್ನು 5,000 ಸಲ ಹಾಕಿ ಬಿಚ್ಚಿರಬೇಕು. ದಿನಕ್ಕೆ ನಾಲ್ಕು ಸಲ ಎಂದು ಲೆಕ್ಕ ಹಾಕಿದರೆ ಸುಮಾರು ಮೂರೂವರೆ ವರ್ಷದ ಬಳಕೆ. ಮೂರೂವರೆ ವರ್ಷಕ್ಕೆ ಬಕಲ್ ಹಾಳಾಗುತ್ತದೆ ಎಂದು ಇದರ ಅರ್ಥ ಅಲ್ಲ, ಅದು ಪರೀಕ್ಷೆಯ ಕನಿಷ್ಠ ಮಟ್ಟ ಅಷ್ಟೆ. ಆದರೆ ಇಪ್ಪತ್ತು ವರ್ಷದ ಕಾರಿನ ಬಕಲ್ ಎಷ್ಟು ಸಾವಿರ ಸಲ ಹಾಕಿ ಬಿಚ್ಚಿಸಿಕೊಂಡಿರಬಹುದು ಎಂದು ಇದರಿಂದ ಅಂದಾಜು ಮಾಡಬಹುದು.

ಒಂದು ಸಣ್ಣ ಕೊಂಡಿಯ ಮೇಲೆ ಎಷ್ಟು ಭಾರ?

ಗಂಟೆಗೆ 50 ಕಿಲೋಮೀಟರ್ ವೇಗ ನಮಗೆ ನಿಧಾನ ಅನಿಸುತ್ತದೆ. ಹೈಸ್ಕೂಲಿನ ಭೌತವಿಜ್ಞಾನದಲ್ಲಿ ಲೆಕ್ಕ ಹಾಕಿದರೆ, ಸುಮಾರು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ಕೆಳಗೆ ಬಿದ್ದಾಗ ನೆಲ ಮುಟ್ಟುವ ವೇಗ ಇದು. 60 ಕಿಲೋ ತೂಕದ ಒಬ್ಬರನ್ನು ಈ ವೇಗದಿಂದ ಅರ್ಧ ಮೀಟರ್ ಅಂತರದಲ್ಲಿ ನಿಲ್ಲಿಸಬೇಕಾದರೆ ಬೇಕಾಗುವ ಸರಾಸರಿ ಬಲ ಸುಮಾರು 1,200 ಕಿಲೋ ಭಾರಕ್ಕೆ ಸಮ. ಎದೆಯ ಮೇಲಿನ ಪಟ್ಟಿ, ಸೊಂಟದ ಮೇಲಿನ ಪಟ್ಟಿ ಎರಡೂ ಒಂದು ಬದಿಯಲ್ಲಿ ಬಂದು ಸೇರುವುದು ಈ ಬಕಲಿನಲ್ಲಿ. ಅಮ್ಮ ಕೈಯಲ್ಲಿ ಬೆಲ್ಟ್ ಹಿಡಿದುಕೊಂಡರೆ ಆಯಿತು ಎನ್ನುವವರು ಒಂದು ಕ್ವಿಂಟಲ್ ಅಕ್ಕಿ ಮೂಟೆಯನ್ನು ಒಂದೇ ಕೈಯಲ್ಲಿ ಎತ್ತಿ ನೋಡಬಹುದು. ಇಲ್ಲಿ ಬೀಳುವುದು ಅಂಥ ಹನ್ನೆರಡು ಮೂಟೆಯ ಭಾರ.

ವೋಲ್ವೊ ಕಂಪನಿಯ ಎಂಜಿನಿಯರ್ ನೀಲ್ಸ್ ಬೋಲಿನ್ 1959ರಲ್ಲಿ ಈಗಿನ ಮೂರು ಬಿಂದುಗಳ ಬೆಲ್ಟ್ ತಂದಾಗಿನಿಂದ ಮೂಲ ವಿನ್ಯಾಸ ಹೆಚ್ಚು ಬದಲಾಗಿಲ್ಲ. ಸೀಟ್ ಬೆಲ್ಟ್ ಹಾಕುವುದರಿಂದ ಕಾರಿನಲ್ಲಿರುವವರ ಸಾವಿನ ಅಪಾಯ ಶೇ 50ರವರೆಗೆ ತಗ್ಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ, ಬೆಲ್ಟ್ ಧರಿಸದೆ 2021ರಲ್ಲಿ ದೇಶದಲ್ಲಿ ಸತ್ತವರು 16,397 ಮಂದಿ. ಇವರಲ್ಲಿ 8,438 ಮಂದಿ ಚಾಲಕರು, ಉಳಿದ 7,959 ಮಂದಿ ಜೊತೆಯಲ್ಲಿ ಕೂತವರು. ಎರಡನೇ ಸಂಖ್ಯೆಯನ್ನು ಇನ್ನೊಮ್ಮೆ ಓದಿ. ಚಾಲಕರ ಬೆಲ್ಟ್ ಕೆಟ್ಟರೆ ಬೇಗ ಸರಿಮಾಡಿಸುತ್ತೇವೆ. ಪಕ್ಕದ ಸೀಟಿನದು, ಹಿಂದಿನ ಸೀಟಿನದು 'ಆಮೇಲೆ ನೋಡೋಣ' ಪಟ್ಟಿಗೆ ಸೇರುತ್ತದೆ.

ಪ್ಲಾಸ್ಟಿಕ್ ತುಂಡು ಕಲಿಸಿದ ಪಾಠ

ಬಕಲ್ ದೋಷ ಎಂದರೆ ಬರೀ ಹಳೆ ಕಾರಿನವರ ಅಜಾಗರೂಕತೆ ಎಂದು ತಿಳಿಯಬೇಕಿಲ್ಲ. 1995ರಲ್ಲಿ ಅಮೆರಿಕದಲ್ಲಿ ಜಪಾನಿನ ತಕಾಟಾ ಕಂಪನಿ ತಯಾರಿಸಿದ ಬಕಲ್‌ಗಳ ಕಾರಣಕ್ಕೆ 80 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ರೀಕಾಲ್ ಮಾಡಬೇಕಾಯಿತು. ಆ ಹೊತ್ತಿಗೆ ಅದು ಅಲ್ಲಿನ ಅತಿ ದೊಡ್ಡ ರೀಕಾಲ್‌ಗಳಲ್ಲಿ ಒಂದು. ಹಲವು ಕಂಪನಿಗಳ ಕಾರುಗಳು ಅದರಲ್ಲಿದ್ದವು. ಇದೇ ತಕಾಟಾ ಹೆಸರು ಮುಂದೆ ಏರ್‌ಬ್ಯಾಗ್ ವಿಷಯದಲ್ಲಿ ಇನ್ನೂ ದೊಡ್ಡ ಸುದ್ದಿಯಾಯಿತು, ಅದು ಬೇರೆ ಕಥೆ.

ಬಕಲಿನಲ್ಲಿ ಆಗಿದ್ದೇನು? ಉಕ್ಕು ಗಟ್ಟಿಯಾಗಿಯೇ ಇತ್ತು. ಕೆಂಪು ಗುಂಡಿಗೆ ಬಳಸಿದ್ದು ಎಬಿಎಸ್ ಎಂಬ ಪ್ಲಾಸ್ಟಿಕ್. ಕಿಟಕಿಯಿಂದ ಬೀಳುವ ಬಿಸಿಲಿನ ಅತಿನೇರಳೆ ಕಿರಣಗಳಿಗೆ ವರ್ಷಗಟ್ಟಲೆ ಒಡ್ಡಿಕೊಂಡು ಅದು ಹಪ್ಪಳದಂತೆ ಪುಡಿಯಾಗತೊಡಗಿತು. ಚೂರುಗಳು ಬಕಲಿನ ಒಳಕ್ಕೆ ಬಿದ್ದು ಕೊಂಡಿ, ಸ್ಪ್ರಿಂಗ್‌ಗಳ ಓಡಾಟಕ್ಕೆ ಅಡ್ಡ ಬಂದವು. ಕೆಲವು ಬಕಲ್ ಬೀಳುತ್ತಿರಲಿಲ್ಲ, ಕೆಲವು ಬಿದ್ದರೂ ಪೂರ್ತಿ ಕೂರುತ್ತಿರಲಿಲ್ಲ, ಕೆಲವು ಬಿಚ್ಚುತ್ತಿರಲಿಲ್ಲ. ಕಾರಣವಾದದ್ದು ಅಕ್ಕಿನುಚ್ಚಿನಷ್ಟು ದೊಡ್ಡ ಪ್ಲಾಸ್ಟಿಕ್ ಚೂರು.

ಈಗ ನಮ್ಮ ಕಾರುಗಳನ್ನು ನೋಡಿ. ಬೀದಿಯಲ್ಲೇ ನಿಲ್ಲಿಸುವ ಕಾರು, ಏಪ್ರಿಲ್ ಬಿಸಿಲು, ಒಳಗೆ ಕೈ ಇಡಲಾಗದ ಕಾವು. ಅದರ ಜೊತೆಗೆ ಮಕ್ಕಳು ತಿಂದ ಬಿಸ್ಕತ್ತಿನ ಪುಡಿ, ಚೆಲ್ಲಿದ ಜ್ಯೂಸು, ಟೋಲಿನಲ್ಲಿ ಜಾರಿಬಿದ್ದ ನಾಣ್ಯ, ಹೋಟೆಲಿನಲ್ಲಿ ಬಿಲ್ಲಿನ ಜೊತೆ ಕೊಟ್ಟ ಸೋಂಪು. ಬಕಲಿನ ಬಾಯಿ ಮೇಲ್ಮುಖವಾಗಿಯೇ ಇರುವುದರಿಂದ ಬಿದ್ದದ್ದೆಲ್ಲ ನೇರ ಒಳಕ್ಕೆ. ಹಿಂದಿನ ಸೀಟಿನ ಬಕಲಿನ ಸ್ಥಿತಿ ಇನ್ನೂ ಕೆಟ್ಟದು. ಕಾರು ತಂದ ವಾರದಲ್ಲೇ ರೆಕ್ಸಿನ್ ಸೀಟ್ ಕವರ್ ಹಾಕಿಸುತ್ತೇವೆ, ಬಕಲ್ ಅದರ ಅಡಿಗೆ ಹೋಗಿ ವರ್ಷಗಟ್ಟಲೆ ಹೊರಗೆ ಬರುವುದೇ ಇಲ್ಲ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡರು. ಹಿಂದಿನ ಸೀಟಿನಲ್ಲಿದ್ದ ಅವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದ್ದರು. ಆಮೇಲೆ ಕೆಲವು ದಿನ ಬಹಳಷ್ಟು ಜನ ಸೀಟ್ ಕವರಿನಡಿ ಕೈ ಹಾಕಿ ಬಕಲ್ ಹುಡುಕಿದರು. ಸಿಕ್ಕ ಬಕಲ್ ಕೆಲಸ ಮಾಡುತ್ತದೆಯೇ ಎಂದು ಎಷ್ಟು ಜನ ನೋಡಿದರೋ.

ಎಣ್ಣೆ ಏಕೆ ಬೇಡ?

ಈಗ ವಿಡಿಯೊದ ವಿಷಯಕ್ಕೆ ಬರೋಣ. ಎಣ್ಣೆ ಬಿಟ್ಟರೆ ಬಕಲ್ ಹಗುರವಾಗುತ್ತದೆ ಎಂಬುದು ಸುಳ್ಳಲ್ಲ. ಆ ಕ್ಷಣಕ್ಕೆ ಹಗುರವಾಗಿಯೇ ಆಗುತ್ತದೆ. ವಿಡಿಯೊ ನಂಬಿಕೆ ಹುಟ್ಟಿಸುವುದೂ ಅದಕ್ಕೇ. ಮುಂದೆ ಆಗುವುದನ್ನು ಅದು ತೋರಿಸುವುದಿಲ್ಲ.

ಎಣ್ಣೆ ಧೂಳನ್ನು ಹಿಡಿಯುತ್ತದೆ. ಹೊಲಿಗೆ ಮೆಷೀನಿಗೆ ಎಣ್ಣೆ ಬಿಟ್ಟು ಒರೆಸದೆ ಇಟ್ಟರೆ ಏನಾಗುತ್ತದೆ ಎಂದು ಮನೆಯಲ್ಲಿ ಕೇಳಿ. ಕೆಲವೇ ವಾರದಲ್ಲಿ ಎಣ್ಣೆ ಮತ್ತು ಧೂಳು ಸೇರಿ ಕಪ್ಪು ಜಿಡ್ಡಾಗಿ, ನಾವು ಮೇಲೆ ಹೇಳಿದ ಚಿಮ್ಮಿಸುವ ಸ್ಪ್ರಿಂಗನ್ನೇ ಕಟ್ಟಿಹಾಕುತ್ತದೆ. ಕೊಬ್ಬರಿ ಎಣ್ಣೆಗಂತೂ ಇನ್ನೊಂದು ಗುಣವಿದೆ: ಸುಮಾರು 24 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿ ಅದು ಗಟ್ಟಿಯಾಗುತ್ತದೆ. ಮಂಗಳೂರಿನ ಮಧ್ಯಾಹ್ನ ಸಲೀಸಾಗಿ ಬೀಳುವ ಬಕಲ್ ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ ಬೀಳದೇ ಹೋಗಬಹುದು. ಕೆಲವು ಬಗೆಯ ಪ್ಲಾಸ್ಟಿಕ್‌ಗಳು, ಎಬಿಎಸ್ ಕೂಡ, ಎಣ್ಣೆ ಜಿಡ್ಡು ತಾಗಿದರೆ ಒತ್ತಡ ಬೀಳುವ ಕಡೆ ಸಣ್ಣ ಬಿರುಕು ಬಿಡುತ್ತವೆ. ತುಕ್ಕು ಬಿಡಿಸುವ ಸ್ಪ್ರೇ, ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಯಾವುದೂ ಇಲ್ಲಿಗೆ ಬೇಡ. ಪೆಟ್ರೋಲನ್ನು ಮುಚ್ಚಿದ ಕಾರಿನೊಳಗೆ ಸುರಿಯುವುದು ಏಕೆ ಕೆಟ್ಟ ಯೋಚನೆ ಎಂದು ವಿವರಿಸಬೇಕಿಲ್ಲ ಎಂದುಕೊಂಡಿದ್ದೇವೆ.

ನಮ್ಮ ದೊಡ್ಡ ತಕರಾರು ಮಾತ್ರ ಬೇರೆ. ಕೊಂಡಿ ಸವೆದಿದ್ದರೆ, ಸ್ಪ್ರಿಂಗ್ ಮುರಿದಿದ್ದರೆ ಎಣ್ಣೆ ಅದನ್ನು ಸರಿಪಡಿಸುವುದಿಲ್ಲ, ಮರೆಮಾಚುತ್ತದೆ. 'ಟಕ್' ಸದ್ದು ಬರುತ್ತದೆ, ಮನಸ್ಸಿಗೆ ನೆಮ್ಮದಿ ಸಿಗುತ್ತದೆ, ಬಕಲ್ ಮೊದಲಿನಷ್ಟೇ ದುರ್ಬಲವಾಗಿರುತ್ತದೆ.

ಹೇರ್‌ಪಿನ್ ವಿಷಯವೂ ಹೀಗೇ. ಒಳಗಿನ ಸ್ಪ್ರಿಂಗ್‌ಗಳು ಸಣ್ಣವು, ತಂತಿ ಕೆದಕಿದರೆ ಜಾಗ ಬಿಟ್ಟು ಹೋಗಬಹುದು. ಹಲವು ಕಾರುಗಳ ಬಕಲಿನಲ್ಲಿ ಬೆಲ್ಟ್ ಬಿದ್ದಿದೆಯೇ ಎಂದು ತಿಳಿಸುವ ಸಣ್ಣ ಸ್ವಿಚ್ ಕೂಡ ಇರುತ್ತದೆ. ಅದು ಮುರಿದರೆ ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರುವುದೇ ಇಲ್ಲ.

ಮನೆಯಲ್ಲಿ ಏನು ಮಾಡಬಹುದು?

ಮೊದಲು ಬಕಲನ್ನು ಪರೀಕ್ಷಿಸಿ. ನಾಲಗೆಯನ್ನು ಒಳಗೆ ತಳ್ಳಿ, ಸದ್ದು ಸ್ಪಷ್ಟವಾಗಿ ಕೇಳಬೇಕು. ನಂತರ ಬಕಲಿನ ಹತ್ತಿರವೇ ನಾಲಗೆಯನ್ನು ಹಿಡಿದು ಜೋರಾಗಿ ಮೇಲಕ್ಕೆ ಎಳೆಯಿರಿ. ಬೆಲ್ಟನ್ನು ಭುಜದ ಕಡೆಯಿಂದ ಜಗ್ಗಿದರೆ ಅದು ಅರ್ಧಕ್ಕೆ ನಿಲ್ಲುತ್ತದೆ. ಅದು ಕಂಬದಲ್ಲಿರುವ ರೀಲಿನ ಲಾಕ್, ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದರ್ಥ, ಬಕಲಿಗೂ ಅದಕ್ಕೂ ಸಂಬಂಧವಿಲ್ಲ. ಆಮೇಲೆ ಕೆಂಪು ಗುಂಡಿ ಒತ್ತಿ. ನಾಲಗೆ ಸೋಮಾರಿಯಂತೆ ಜಾರದೆ ಪುಟಿದು ಹೊರಗೆ ಬರಬೇಕು, ಗುಂಡಿ ತನ್ನ ಜಾಗಕ್ಕೆ ಪೂರ್ತಿ ಮರಳಬೇಕು. ಇದನ್ನು ಇಪ್ಪತ್ತು ಸಲ ಮಾಡಿ. ಹತ್ತೊಂಬತ್ತು ಸಲ ಸರಿಯಾಗಿ ಬಿದ್ದು ಒಂದು ಸಲ ತಪ್ಪಿದರೂ ಆ ಬಕಲ್ ಪಾಸಾಗಿಲ್ಲ.

ಬಳಿಕ ಮೊಬೈಲ್ ಟಾರ್ಚ್ ಹಾಕಿ ಬಕಲಿನ ಬಾಯೊಳಗೆ ನೋಡಿ. ನಾಣ್ಯ, ಕಾಗದ, ಪ್ಲಾಸ್ಟಿಕ್ ಚೂರು ಕಂಡರೆ ಬಕಲಿನ ಬಾಯಿ ಆದಷ್ಟು ಕೆಳಮುಖವಾಗುವಂತೆ ಬಗ್ಗಿಸಿ ಮೆಲ್ಲಗೆ ತಟ್ಟಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಸಪೂರ ನಳಿಗೆ ಹಾಕಿ ಎಳೆಯಿರಿ. ಇಲ್ಲದಿದ್ದರೆ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಬಹುದು, ಆದರೆ ಕಣ್ಣಿಗೆ ಕನ್ನಡಕ ಇರಲಿ, ಒಳಗಿನ ಕಸ ನೇರ ಮುಖಕ್ಕೆ ಹಾರುತ್ತದೆ. ಗಾಳಿ ಹೊಡೆಯುವಾಗ ಕೆಂಪು ಗುಂಡಿಯನ್ನು ಒತ್ತಿ ಬಿಡುತ್ತಾ ಇದ್ದರೆ ಒಳಗೆ ಸಿಕ್ಕಿಕೊಂಡದ್ದು ಸಡಿಲವಾಗುತ್ತದೆ. ಲೋಹದ ನಾಲಗೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಒಣಗಿಸಿ. ಒಣಗಿದ ಜ್ಯೂಸಿನ ಅಂಟು ಬಹಳ ಸಲ ಅದರ ಮೇಲೇ ಇರುತ್ತದೆ. ಮಕ್ಕಳ ಕಾರ್ ಸೀಟಿನ ಬಕಲನ್ನು ಬೆಚ್ಚನೆ ನೀರಿನಲ್ಲಿ ತೊಳೆಯಲು ಅದನ್ನು ತಯಾರಿಸುವ ಹಲವು ಕಂಪನಿಗಳೇ ಹೇಳುತ್ತವೆ. ಅದನ್ನು ನೋಡಿ ಕಾರಿನ ಬಕಲಿಗೂ ನೀರು ಸುರಿಯಬೇಡಿ. ಅದರ ಬುಡದಿಂದ ವೈರ್ ಹೊರಡುತ್ತಿದ್ದರೆ ಒಳಗೆ ಸ್ವಿಚ್ ಇದೆ ಎಂದರ್ಥ.

ಪಕ್ಕದ ಸೀಟಿನ ಬೆಲ್ಟಿನ ನಾಲಗೆಯನ್ನು ಇದಕ್ಕೆ ಹಾಕಿ ನೋಡೋಣ ಎಂದು ಅನಿಸಬಹುದು. ಹಲವು ಕಾರುಗಳಲ್ಲಿ ತಪ್ಪು ಬಕಲಿಗೆ ಹೋಗದಂತೆ ನಾಲಗೆಯ ಅಗಲವನ್ನೇ ಬೇರೆ ಬೇರೆ ಇಟ್ಟಿರುತ್ತಾರೆ. ಸುಲಭವಾಗಿ ಹೋಗದಿದ್ದರೆ ಬಲವಂತ ಮಾಡಬೇಡಿ.

ಇಷ್ಟು ಮಾಡಿದ ಮೇಲೆ ಇಪ್ಪತ್ತಕ್ಕೆ ಇಪ್ಪತ್ತು ಸಲ ಸರಿಯಾಗಿ ಬಿದ್ದರೆ ತೊಂದರೆ ಬರಿಯ ಕಸದ್ದಾಗಿತ್ತು. ಬೀಳದಿದ್ದರೆ ಮನೆಯ ಕೆಲಸ ಅಲ್ಲಿಗೆ ಮುಗಿಯಿತು. ಡಬ್ಬಿ ಬಿಚ್ಚಿ ಒಳಗಿನ ಸ್ಪ್ರಿಂಗ್ ಬದಲಿಸುವುದನ್ನು ತೋರಿಸುವ ವಿಡಿಯೊಗಳೂ ಇವೆ. ಅವನ್ನು ನೋಡಿ ಕೈ ಹಾಕಬೇಡಿ. ಬಕಲನ್ನು ಬಿಚ್ಚಿ ಜೋಡಿಸಲೆಂದು ತಯಾರಿಸಿರುವುದಿಲ್ಲ, ಅದನ್ನು ಇಡಿಯಾಗಿ ಬದಲಿಸಬೇಕು. ನೀವು ಮತ್ತೆ ಜೋಡಿಸಿದ ಬಕಲ್ 1,200 ಕಿಲೋ ತಡೆಯುತ್ತದೆಯೇ ಎಂದು ಪರೀಕ್ಷಿಸಲು ಮನೆಯಲ್ಲಿ ದಾರಿಯಿಲ್ಲ.

ಬದಲಿಸುವಾಗ ನೋಡಬೇಕಾದ್ದು

ಹಳೆ ಕಾರಿನವರಿಗೆ ನಿಜವಾದ ಕಷ್ಟ ಶುರುವಾಗುವುದು ಇಲ್ಲಿ. ತಯಾರಿಕೆ ನಿಂತುಹೋದ ಮಾಡೆಲ್ ಆದರೆ ಶೋರೂಮಿನವರು 'ಸ್ಟಾಕ್ ಇಲ್ಲ' ಎನ್ನುತ್ತಾರೆ. ಆಗ ಯಾರಾದರೂ ಗುಜರಿಯ ದಾರಿ ತೋರಿಸುತ್ತಾರೆ. ಬೆಂಗಳೂರಿನವರಾದರೆ ಶಿವಾಜಿನಗರದ ಹೆಸರು ಮೊದಲು ಬರುತ್ತದೆ. ಗುಜರಿಯಿಂದ ಬಾಗಿಲಿನ ಹಿಡಿ, ಕನ್ನಡಿ, ವೈಪರ್ ಮೋಟಾರ್ ತನ್ನಿ, ನಮ್ಮದೇನೂ ಅಡ್ಡಿಯಿಲ್ಲ, ನಾವೂ ತಂದಿದ್ದೇವೆ. ಬಕಲ್ ಮಾತ್ರ ಬೇಡ. ಆ ಕಾರು ಗುಜರಿಗೆ ಬಂದದ್ದು ವಯಸ್ಸಾಗಿಯೋ ಡಿಕ್ಕಿಯಾಗಿಯೋ ಗೊತ್ತಾಗುವುದಿಲ್ಲ. ಡಿಕ್ಕಿಯಲ್ಲಿ ಒಮ್ಮೆ ಭಾರ ಹೊತ್ತ ಬೆಲ್ಟ್, ಬಕಲ್ ಎರಡನ್ನೂ ಬದಲಿಸಬೇಕು ಎಂಬುದು ತಯಾರಕರ ಸಲಹೆ. ಒಳಗಿನ ಕೊಂಡಿ ಕೂದಲೆಳೆಯಷ್ಟು ಬಾಗಿದ್ದರೂ ಹೊರಗಿನಿಂದ ಕಾಣದು. ನಿಮ್ಮದೇ ಕಾರು ಅಪಘಾತವಾಗಿ ರಿಪೇರಿಯಾಗಿದ್ದರೂ ಇದೇ ಮಾತು.

ಹೊಸದನ್ನು ಕೊಳ್ಳುವಾಗ ಕಾರಿನ ಮಾಡೆಲ್ ಜೊತೆ ತಯಾರಿಕೆಯ ವರ್ಷ, ಎಡ–ಬಲ ಎಲ್ಲವನ್ನೂ ಹೇಳಿ ಪಾರ್ಟ್ ನಂಬರ್ ಹೊಂದಿಸಿ. ನಾಲಗೆ ಸವೆದು ಅಂಚು ಮುಕ್ಕಾಗಿದ್ದರೆ ಬೆಲ್ಟನ್ನೂ ಸೇರಿಸಿ ಪೂರ್ತಿ ಸೆಟ್ ಹಾಕಿಸುವುದು ಒಳ್ಳೆಯದು. ನಮ್ಮ ದೇಶದಲ್ಲಿ ಸೀಟ್ ಬೆಲ್ಟ್‌ಗಳಿಗೆ ಐಎಸ್ 15140 ಎಂಬ ಮಾನದಂಡವಿದೆ. ವಿಶ್ವಸಂಸ್ಥೆಯ ನಿಯಮಾವಳಿಯಂತೆ ಅನುಮೋದನೆ ಪಡೆದವುಗಳ ಮೇಲೆ ವೃತ್ತದೊಳಗೆ 'ಇ' ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. 'ಎಲ್ಲ ಕಾರಿಗೂ ಹೊಂದುತ್ತದೆ' ಎಂದು ಬರೆದ, ಯಾವ ಗುರುತೂ ಇಲ್ಲದ ಬಕಲ್ ಎಷ್ಟೇ ಅಗ್ಗವಾಗಿದ್ದರೂ ದೂರವಿಡಿ.

ಬೋಲ್ಟಿನ ಕಡೆಗೂ ಗಮನವಿರಲಿ. ಬಕಲಿನ ಕಾಂಡ ಸೀಟಿನ ಚೌಕಟ್ಟಿಗೋ ನೆಲಕ್ಕೋ ಒಂದೇ ಒಂದು ಬೋಲ್ಟಿನಲ್ಲಿ ನಿಂತಿರುತ್ತದೆ. ಅದು ಹಲವು ಕಾರುಗಳಲ್ಲಿ 7/16 ಇಂಚಿನದು, ಅಂದರೆ ಸುಮಾರು 11 ಮಿಲಿಮೀಟರ್. ಅದು ಕಳೆದುಹೋದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 10 ಮಿಲಿಮೀಟರಿನದು ಸಡಿಲ, 12 ಮಿಲಿಮೀಟರಿನದು ಬಲವಂತವಾಗಿ ತಿರುಗಿಸಿದರೆ ಥ್ರೆಡ್ ಹಾಳು. ಕಾರಿನದೇ ಬೋಲ್ಟ್ ಬೇಕು, ಸರ್ವಿಸ್ ಪುಸ್ತಕ ಹೇಳಿದಷ್ಟೇ ಬಿಗಿ ಬೇಕು. ಟಾರ್ಕ್ ರೆಂಚ್ ಇರುವ ಗ್ಯಾರೇಜಿನಲ್ಲಿ ಇದು ಹೆಚ್ಚು ಹೊತ್ತಿನ ಕೆಲಸವಲ್ಲ.

ಏರ್‌ಬ್ಯಾಗ್ ಇರುವ ಕಾರಾದರೆ ಸ್ಪ್ಯಾನರ್ ಹಿಡಿಯಲೇಬೇಡಿ. ಕೆಲವು ಕಾರುಗಳಲ್ಲಿ ಡಿಕ್ಕಿಯ ಕ್ಷಣದಲ್ಲಿ ಬೆಲ್ಟನ್ನು ಬಿಗಿಯಾಗಿ ಎಳೆಯುವ, ಸಣ್ಣ ಸಿಡಿಮದ್ದಿನಿಂದ ಕೆಲಸ ಮಾಡುವ ಸಾಧನ ಬಕಲಿನ ಬುಡದಲ್ಲೇ ಇರುತ್ತದೆ. ಸೀಟಿನ ಅಡಿಯಲ್ಲಿ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದೇ ಎಚ್ಚರಿಕೆ. ತರಬೇತಿ ಇದ್ದವರು ಬ್ಯಾಟರಿ ತೆಗೆದು, ಹೇಳಿದಷ್ಟು ಹೊತ್ತು ಕಾದು ಕೈ ಹಾಕುತ್ತಾರೆ.

ಕ್ಲಿಪ್ ಹಾಕಿ ಸದ್ದು ನಿಲ್ಲಿಸುವವರಿಗೆ

2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕ ಮತ್ತು ಪಕ್ಕದವರ ಬೆಲ್ಟ್ ನೆನಪಿಸುವ ಅಲಾರಾಂ ಕಡ್ಡಾಯವಾಯಿತು. ಅದನ್ನು ಬಾಯಿ ಮುಚ್ಚಿಸಲು ಬಂದದ್ದು ಬಕಲಿಗೆ ಸಿಕ್ಕಿಸುವ ಸುಳ್ಳು ನಾಲಗೆ. ಬಕಲ್ ಕೆಟ್ಟವರಿಗೂ ಇದನ್ನೇ ಹಾಕಿಕೊಳ್ಳಲು ಹೇಳುವ ಸಂದೇಶಗಳಿವೆ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಈ ಕ್ಲಿಪ್‌ಗಳನ್ನು ತೆಗೆಯಲು ಆದೇಶಿಸಿತು. ಒಟ್ಟು 13,118 ಪಟ್ಟಿಗಳನ್ನು ತೆಗೆದುಹಾಕಲಾಯಿತು.

ಕ್ಲಿಪ್ ಮಾಡುವ ಕೇಡು ಬೆಲ್ಟ್ ತಪ್ಪಿಸುವುದಕ್ಕೆ ಮುಗಿಯುವುದಿಲ್ಲ. ಕೆಲವು ಕಾರುಗಳಲ್ಲಿ ಏರ್‌ಬ್ಯಾಗ್ ಯಾವಾಗ, ಹೇಗೆ ತೆರೆಯಬೇಕು ಎಂದು ತೀರ್ಮಾನಿಸುವಾಗ ಕಂಪ್ಯೂಟರ್ ಬಕಲಿನ ಸ್ವಿಚ್ಚನ್ನೂ ಕೇಳುತ್ತದೆ. ಕ್ಲಿಪ್ ಇದ್ದರೆ ಅದಕ್ಕೆ ಸಿಗುವ ಉತ್ತರವೇ ಸುಳ್ಳು. ಬೆಲ್ಟ್ ಇಲ್ಲದ ದೇಹ ಮುಂದಕ್ಕೆ ಹಾರುವಾಗ, ಕಣ್ಣು ಮಿಟುಕಿಸುವುದರೊಳಗೆ ಉಬ್ಬುವ ಏರ್‌ಬ್ಯಾಗಿಗೆ ತೀರಾ ಹತ್ತಿರದಿಂದ ಗುದ್ದಿಕೊಳ್ಳುತ್ತದೆ. ಏರ್‌ಬ್ಯಾಗನ್ನು ರೂಪಿಸಿದ್ದು ಬೆಲ್ಟಿನ ಜೊತೆಗಾರನಾಗಿ, ಅದರ ಬದಲಿಗೆ ಅಲ್ಲ.

'ಬೆಲ್ಟ್ ಸಿಕ್ಕಿಕೊಂಡರೆ ಬೆಂಕಿ ಹತ್ತಿದಾಗ ಹೊರಗೆ ಬರೋದು ಹೇಗೆ?' ಎಂಬ ಭಯವೂ ಫಾರ್ವರ್ಡ್‌ಗಳಲ್ಲಿ ಓಡಾಡುತ್ತದೆ. ಬೆಂಕಿ ಹೊತ್ತುವ, ನೀರಿಗೆ ಬೀಳುವ ಅಪಘಾತಗಳು ಒಟ್ಟು ಅಪಘಾತಗಳಲ್ಲಿ ತೀರಾ ಕಡಿಮೆ. ಅಂಥ ಹೊತ್ತಿನಲ್ಲೂ ಹೊರಗೆ ಬರಬೇಕಾದರೆ ಪ್ರಜ್ಞೆ ಇರಬೇಕು, ಅದನ್ನು ಉಳಿಸುವುದು ಬೆಲ್ಟೇ. ಆದರೂ ಭಯ ಪೂರ್ತಿ ಆಧಾರವಿಲ್ಲದ್ದಲ್ಲ, ಕೆಟ್ಟ ಬಕಲ್ ನಿಜಕ್ಕೂ ಸಿಕ್ಕಿಕೊಳ್ಳುತ್ತದೆ. ಹಾಗಾದರೆ ಬೆಲ್ಟನ್ನು ಜಗ್ಗಬೇಡಿ, ಜಗ್ಗಿದಷ್ಟೂ ಕೊಂಡಿಯ ಮೇಲೆ ಭಾರ ಬಿದ್ದು ಬಿಗಿಯಾಗುತ್ತದೆ. ನಾಲಗೆಯನ್ನು ಒಳಕ್ಕೆ ಒತ್ತಿ ಹಿಡಿದು ಅದೇ ಹೊತ್ತಿಗೆ ಗುಂಡಿ ಒತ್ತಿ. ಬಹಳ ಸಲ ಅಷ್ಟಕ್ಕೇ ಬಿಚ್ಚಿಕೊಳ್ಳುತ್ತದೆ. ಹೀಗೆ ಒಮ್ಮೆ ಸಿಕ್ಕಿಕೊಂಡ ಬಕಲನ್ನು ಮತ್ತೆ ಬಳಸಬಾರದು.

ಹೊಸ ಬಕಲ್ ಬರುವವರೆಗೆ? ಆ ಸೀಟನ್ನು ಖಾಲಿ ಬಿಡುವುದೊಂದೇ ದಾರಿ. ಬೆಲ್ಟನ್ನು ಗಂಟು ಹಾಕುವುದು, ಚಾಲಕರ ಬಕಲಿಗೆ ಸಿಕ್ಕಿಸುವುದು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಯಾವುದೂ ಬೆಲ್ಟ್ ಆಗುವುದಿಲ್ಲ.

ನಮ್ಮ ಕಾರಿನ ಬಕಲಿನಿಂದ ಹೊರಬಿದ್ದದ್ದು ಒಂದಿಷ್ಟು ಸೋಂಪು, ಒಂದು ಸ್ಟೇಪ್ಲರ್ ಪಿನ್ನು, ಕೆಂಪು ಪ್ಲಾಸ್ಟಿಕ್ಕಿನ ಎರಡು ಚೂರು. ಸೋಂಪು ಕಂಡು ಅಪ್ಪನಿಗೆ ಖುಷಿಯಾಯಿತು, ರಿಪೇರಿ ಮುಗಿಯಿತು ಎಂದುಕೊಂಡರು. ಕೆಂಪು ಚೂರು ನೋಡಿ ನಮಗೆ ಖುಷಿಯಾಗಲಿಲ್ಲ, ಅದು ಗುಂಡಿಯದೇ. ಇಪ್ಪತ್ತು ಸಲದ ಪರೀಕ್ಷೆಯಲ್ಲಿ ಬಕಲ್ ಎರಡು ಸಲ ತಪ್ಪಿತು. ಹೊಸದನ್ನು ತರಿಸಲು ಹನ್ನೊಂದು ದಿನ ಹಿಡಿಯಿತು. ಅಷ್ಟು ದಿನವೂ ಅಮ್ಮ ಹಿಂದಿನ ಸೀಟಿನಲ್ಲಿ, ಕವರ್ ಕತ್ತರಿಸಿ ಹೊರತೆಗೆದ ಬಕಲ್ ಹಾಕಿಕೊಂಡು ಓಡಾಡಿದರು. ಹಳೆಯದನ್ನು ಗುಜರಿಯವರಿಗೆ ಕೊಡುವ ಮೊದಲು ಅಪ್ಪನೇ ಸುತ್ತಿಗೆ ತಂದು ಅದರ ಬಾಯಿಯನ್ನು ಜಜ್ಜಿ ಮುಚ್ಚಿದರು, ಇನ್ನೊಬ್ಬರ ಕಾರಿಗೆ ಅದು ಹೋಗಿ ಕೂರದಿರಲಿ ಎಂದು.